ಬಚ್ಚಲ ಬಾಯ್ಲರ್ ಕೊಳ್ಳುವ ಮೊದಲು ಗಾಳಿಯ ದಾರಿ ನೋಡಿ

ದಾವಣಗೆರೆಯ ನಮ್ಮ ಹಳೇ ಮನೆಗೆ ಕಟ್ಟಿಗೆ ಬಾಯ್ಲರ್ ತಂದ ಮೊದಲ ವಾರದ ಮಾತು. ಬೆಳಿಗ್ಗೆ ಬೆಂಕಿ ಚೆನ್ನಾಗಿ ಹತ್ತಿತ್ತು. ಬಚ್ಚಲಲ್ಲಿ ಸೆಖೆ ಅಂತ ನಾನು ಗೋಡೆಯ ಎಗ್ಸಾಸ್ಟ್ ಫ್ಯಾನ್ ಹಾಕಿದೆ. ಎರಡೇ ನಿಮಿಷ. ಚಿಮಣಿಯಲ್ಲಿ ಹೋಗಬೇಕಿದ್ದ ಹೊಗೆಯೆಲ್ಲ ಬೂದಿ ಬಾಗಿಲಿನಿಂದ, ಅಂದರೆ ಬೂದಿ ತೆಗೆಯುವ, ಗಾಳಿ ಒಳಗೆ ಹೋಗುವ ಕೆಳಗಿನ ಬಾಗಿಲಿನಿಂದ, ವಾಪಸು ಬಂದು ಬಚ್ಚಲು ತುಂಬಿತು. ಅವ್ವ ಕೆಮ್ಮುತ್ತಾ ಹೊರಗೆ ಬಂದು, "ಇಷ್ಟು ದುಡ್ಡು ಕೊಟ್ಟು ಹೊಗೆ ತಂದೆಯೇನಪ್ಪಾ?" ಅಂದಳು.

ನಾನು ಸುಮ್ನೆ ಅಂಗಡಿಯವರನ್ನು ಬೈದುಕೊಂಡೆ. ತಪ್ಪು ನನ್ನದೇ. ಫ್ಯಾನು ಒಳಗಿನ ಗಾಳಿಯನ್ನು ಹೊರಗೆ ಎಳೆಯುತ್ತಿತ್ತು. ಬಚ್ಚಲ ಬಾಗಿಲು ಮುಚ್ಚಿತ್ತು, ಕಿಟಕಿ ಇರಲಿಲ್ಲ. ಹೊಸ ಗಾಳಿ ಒಳಗೆ ಬರಲು ಉಳಿದಿದ್ದ ಒಂದೇ ದಾರಿ ಚಿಮಣಿ. ಮೇಲಕ್ಕೆ ಹೋಗಬೇಕಾದ ಹೊಗೆಯನ್ನು ಫ್ಯಾನು ಕೆಳಕ್ಕೆ ಎಳೆದುಕೊಂಡಿತ್ತು.

ಅವತ್ತಿನಿಂದ ಯಾರಾದರೂ "ಯಾವ ಬಾಯ್ಲರ್ ತಗೊಳ್ಳಲಿ?" ಅಂತ ಕೇಳಿದರೆ ನಾನು ಮೊದಲು ಬಚ್ಚಲು ತೋರಿಸಿ ಅನ್ನುತ್ತೇನೆ. ಅಂಗಡಿಗೆ ಹೋದವರು ಎಷ್ಟು ಲೀಟರ್ ಅಂತ ಕೇಳುತ್ತಾರೆ, ತಾಮ್ರನಾ ಸ್ಟೀಲಾ ಅಂತ ಕೇಳುತ್ತಾರೆ, ರೇಟು ಕೇಳುತ್ತಾರೆ. ಗಾಳಿ ಎಲ್ಲಿಂದ ಒಳಗೆ ಹೋಗುತ್ತದೆ, ಅದನ್ನು ಕಡಿಮೆ ಮಾಡೋದು ಹೇಗೆ ಅಂತ ಕೇಳಿದವರನ್ನು ನಾನಂತೂ ನೋಡಿಲ್ಲ. ಕಟ್ಟಿಗೆ ಉಳಿಯುವುದು, ಕಣ್ಣು ಉರಿಯದಿರುವುದು ಎರಡೂ ಆ ಪ್ರಶ್ನೆಯ ಮೇಲೆ ನಿಂತಿವೆ.

ಒಂದು ಸಣ್ಣ ಲೆಕ್ಕ

40 ಲೀಟರ್ ನೀರು. 25 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಬೇಕು. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು ಒಂದು ಕಿಲೋಕ್ಯಾಲರಿ ಬೇಕು. 40ನ್ನು 35ರಿಂದ ಗುಣಿಸಿದರೆ 1400. ಚೆನ್ನಾಗಿ ಒಣಗಿದ ಒಂದು ಕೆಜಿ ಕಟ್ಟಿಗೆಯಲ್ಲಿ ಸುಮಾರು 3500 ಕಿಲೋಕ್ಯಾಲರಿ ಶಾಖ ಇರುತ್ತದೆ. ಅಂದರೆ 400 ಗ್ರಾಂ ಕಟ್ಟಿಗೆ ಸಾಕು. ಎರಡು ಸಣ್ಣ ತುಂಡು!

ಮನೆಯಲ್ಲಿ ಎಷ್ಟು ಸುಡುತ್ತೇವೆ? ಶಾಖದ ನೂರರಲ್ಲಿ ಹತ್ತು ಪಾಲು ಮಾತ್ರ ನೀರಿಗೆ ಸೇರುವ ಒಲೆಯಾದರೆ 4 ಕೆಜಿ. ಇಪ್ಪತ್ತೈದು ಪಾಲು ಸೇರಿದರೆ 1.6 ಕೆಜಿ. ನಲವತ್ತು ಸೇರಿದರೆ ಒಂದೇ ಕೆಜಿ. ನೀರು ಅಷ್ಟೇ, ಕಟ್ಟಿಗೆ ಅದೇ. ಉಳಿದದ್ದು ಒಂದೋ ಉರಿಯದ ಹೊಗೆಯಾಗಿ ಹೋಗುತ್ತದೆ, ಇಲ್ಲಾ ಬಿಸಿ ಗಾಳಿಯಾಗಿ ಚಿಮಣಿ ಹತ್ತುತ್ತದೆ.

ಈ ಎರಡು ನಷ್ಟಗಳು ಒಂದಕ್ಕೊಂದು ಉಲ್ಟಾ. ಗಾಳಿ ಕಡಿಮೆಯಾದರೆ ಹೊಗೆ. ಗಾಳಿ ಜಾಸ್ತಿಯಾದರೆ ಆ ಗಾಳಿಯನ್ನೂ ನಮ್ಮ ಕಟ್ಟಿಗೆಯೇ ಕಾಯಿಸಿ ಆಕಾಶಕ್ಕೆ ಕಳಿಸುತ್ತದೆ. "ಉರಿ ಭರ್ರನೆ ಎದ್ದಿದೆ, ಬಾಯ್ಲರ್ ಭಾರಿ ಚೆನ್ನಾಗಿದೆ" ಅನ್ನುವವರು ಒಮ್ಮೆ ಚಿಮಣಿ ಪೈಪಿನ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ ನೋಡಲಿ. ಚೊಂಯ್ ಅಂದು ಹಾರಿಹೋದರೆ ಸ್ನಾನದ ನೀರಿಗೆ ಸೇರಬೇಕಾದ್ದು ಅಲ್ಲಿ ಹೋಗುತ್ತಿದೆ ಅಂತ ಅರ್ಥ. ಹಾಗಂತ ಚಿಮಣಿ ತಣ್ಣಗೇ ಇರಬಾರದು. ತಣ್ಣಗಾದರೆ ಹೊಗೆಯಲ್ಲಿರುವ ಟಾರು ಪೈಪಿನ ಒಳಗೇ ಅಂಟುತ್ತದೆ, ಗಾಳಿಯ ಎಳೆತವೂ ಸಾಯುತ್ತದೆ.

ಗಾಳಿ ಎಷ್ಟು ಬೇಕು ಅನ್ನುವುದು ಇನ್ನೂ ಸ್ವಾರಸ್ಯದ ಸಂಗತಿ. ಒಂದು ಕೆಜಿ ಒಣ ಕಟ್ಟಿಗೆ ಪೂರ್ತಿ ಉರಿಯಲು ಸುಮಾರು 5 ಘನ ಮೀಟರ್ ಗಾಳಿ ಬೇಕು. ನಾಲ್ಕಡಿ ಅಗಲ, ಆರಡಿ ಉದ್ದ, ಎಂಟಡಿ ಎತ್ತರದ ಬಚ್ಚಲಲ್ಲಿ ಇರುವ ಅಷ್ಟೂ ಗಾಳಿ ಸುಮಾರು ಅಷ್ಟೇ. ಬಾಯ್ಲರ್ ನಿಜದಲ್ಲಿ ಎಳೆಯುವುದು ಅದಕ್ಕಿಂತ ಜಾಸ್ತಿ. ಹಾಗಾಗಿ ಬಚ್ಚಲ ಬಾಗಿಲ ಕೆಳಗೆ ಸಂದಿ, ಗೋಡೆಯಲ್ಲಿ ಒಂದು ಜಾಲಂಧ್ರ ಇಲ್ಲದೆ ಒಳಗೆ ಬೆಂಕಿ ಹಾಕುವ ಮಾತೇ ಬೇಡ.

ಇನ್ನೊಂದು ಸಂಗತಿ. ಕಟ್ಟಿಗೆ ಉರಿಯುತ್ತದೆ ಅನ್ನುತ್ತೇವೆ, ಆದರೆ ಅದರ ಮುಕ್ಕಾಲು ಪಾಲು ಮೊದಲು ಅನಿಲವಾಗಿ ಹೊರಗೆ ಬರುತ್ತದೆ. ಜ್ವಾಲೆ ಅಂದರೆ ಆ ಅನಿಲ ಉರಿಯುವುದು. ಉಳಿದ ಕಾಲು ಪಾಲು ಕೆಂಡ. ಕೆಂಡಕ್ಕೆ ಕೆಳಗಿನಿಂದ ಗಾಳಿ ಬೇಕು. ಅನಿಲಕ್ಕೆ ಮೇಲಿನಿಂದ, ಜ್ವಾಲೆ ಇರುವಲ್ಲೇ ಗಾಳಿ ಬೇಕು, ಅದೂ ಬಿಸಿಯಾದ ಗಾಳಿ. ಬರೀ ಕೆಳಗಿನ ಬೂದಿ ಬಾಗಿಲು ಮಾತ್ರ ಇರುವ ಬಾಯ್ಲರಿನಲ್ಲಿ ಹೊಸ ಕಟ್ಟಿಗೆ ಹಾಕಿದಾಗಲೆಲ್ಲ ಹೊಗೆ ಯಾಕೆ ಏಳುತ್ತದೆ ಅನ್ನುವುದಕ್ಕೆ ಕಾರಣ ಇದು. ಕೆಳಗಿನ ಗಾಳಿಯನ್ನೆಲ್ಲ ಕೆಂಡವೇ ನುಂಗಿ, ಮೇಲಿನ ಅನಿಲಕ್ಕೆ ಏನೂ ಉಳಿದಿರುವುದಿಲ್ಲ.

ಈಗ ಒಂದೊಂದಾಗಿ ನೋಡೋಣ

ಮೊದಲನೆಯದು ನಮ್ಮ ಹಂಡೆ ಒಲೆ. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಸುಣ್ಣ, ಕೆಮ್ಮಣ್ಣಿನ ಗೆರೆ ಎಳೆದು ಬಳ್ಳಿ ಸುತ್ತುತ್ತೇವಲ್ಲ, ಅದೇ ಹಂಡೆ. ಇದನ್ನು ಹಳೇ ಕಾಲದ್ದು ಅಂತ ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸರಿಯಲ್ಲ. ನಮ್ಮ ಕಡೆಯ ಹಳೇ ಮನೆಗಳಲ್ಲಿ ಹಂಡೆ ಒಳಗಿದ್ದರೂ ಒಲೆಯ ಬಾಯಿ ಹಿತ್ತಿಲ ಕಡೆ ಇರುತ್ತಿತ್ತು. ಬೆಂಕಿ ಹೊರಗಿನ ಗಾಳಿ ಕುಡಿಯುತ್ತಿತ್ತು, ಹೊಗೆ ಹೊರಗೇ ಹೋಗುತ್ತಿತ್ತು. ಇಂದಿನ ಎಷ್ಟೋ ಸ್ಟೀಲ್ ಬಾಯ್ಲರ್‌ಗಳಿಗಿಂತ ಆ ಏರ್ಪಾಟು ಸುರಕ್ಷಿತ.

ಅದರ ಸೋಲು ಬೇರೆ ಕಡೆ. ಒಲೆಯ ಬಾಯಿ ಅಗಲ, ಮುಚ್ಚಲು ಬಾಗಿಲಿಲ್ಲ. ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಗಾಳಿ ಒಳಗೆ ನುಗ್ಗುತ್ತದೆ. ಕೆಳಗೆ ಜಾಲರಿ ಇಲ್ಲ. ಕೆಂಡ ಬೂದಿಯಲ್ಲಿ ಹೂತು ಉಸಿರು ಕಟ್ಟುತ್ತದೆ, ಆಗ ಊದುಗೊಳವೆ ಹಿಡಿದು ಕೂರಬೇಕು. ಒಂದೇ ಒಲೆಯಲ್ಲಿ ಮೇಲೆ ಗಾಳಿ ಜಾಸ್ತಿ, ಕೆಳಗೆ ಗಾಳಿ ಇಲ್ಲ!

ಇದನ್ನು ಸರಿ ಮಾಡುವುದು ಕಷ್ಟವಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಸ್ತ್ರ ಅನ್ನುವ ವಿಭಾಗ ಶುರುವಾಯಿತು, ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿಯೇ. ಅಲ್ಲಿಂದ ಬಂದ ಅಸ್ತ್ರ ಒಲೆಯ ಗುಟ್ಟು ಇಷ್ಟೇ: ಮುಚ್ಚಿದ ಬೆಂಕಿಗೂಡು, ಕೆಳಗೆ ಕಬ್ಬಿಣದ ಜಾಲರಿ, ಲೆಕ್ಕ ಹಾಕಿ ಬಿಟ್ಟ ಗಾಳಿಯ ಕಿಂಡಿ, ಹಿಂದೆ ಚಿಮಣಿ. ಅದೇ ನಾಲ್ಕು ಅಂಶಗಳನ್ನು ಹಂಡೆ ಒಲೆಗೂ ಕೊಡಬಹುದು. ಜಾಲರಿ ಕೂರಿಸಿ, ಬಾಯಿಗೆ ತಗಡಿನ ಬಾಗಿಲು ಹಚ್ಚಿ, ಹಂಡೆಯ ಸುತ್ತ ಎರಡು ಬೆರಳಿನಷ್ಟು ಸಂದಿ ಬಿಟ್ಟು ಜ್ವಾಲೆ ಹಂಡೆಯನ್ನು ಬಳಸಿಕೊಂಡು ಚಿಮಣಿಗೆ ಹೋಗುವಂತೆ ಕಟ್ಟಿಸಿದರೆ ಸಾಕು. ಒಳ್ಳೆ ತಾಮ್ರದ ಹಂಡೆ ಮನೆಯಲ್ಲಿ ಇದೆ, ಹಿತ್ತಿಲೂ ಇದೆ ಅನ್ನುವವರಿಗೆ ನನ್ನ ಸಲಹೆ ಇದೇ. ಬಾಯ್ಲರ್ ಕೊಳ್ಳಬೇಡಿ, ಒಲೆ ತಿದ್ದಿಸಿ.

ಎರಡನೆಯದು ಪೇಟೆಯಲ್ಲಿ ಎಲ್ಲರೂ ತೋರಿಸುವ ನಿಂತ ಬಾಯ್ಲರ್. ನಡುವೆ ಬೆಂಕಿಯ ಕೊಳವೆ, ಸುತ್ತ ನೀರು, ಕೆಳಗೆ ಜಾಲರಿ, ಮೇಲೆ ಚಿಮಣಿ. ನೀರು ಬೆಂಕಿಯನ್ನು ಸುತ್ತುವರಿದಿರುವುದರಿಂದ ಬೇಗ ಕಾಯುತ್ತದೆ. ಜಾಗವೂ ಕಡಿಮೆ ಸಾಕು.

ಇದರಲ್ಲಿ ತಾಮ್ರವೋ ಸ್ಟೀಲೋ ಅನ್ನುವ ಚರ್ಚೆ ಅರ್ಧ ದಿನ ನಡೆಯುತ್ತದೆ. ತಾಮ್ರ ಶಾಖವನ್ನು ಸ್ಟೇನ್‌ಲೆಸ್ ಸ್ಟೀಲಿಗಿಂತ ಇಪ್ಪತ್ತು ಪಟ್ಟಿಗೂ ಜಾಸ್ತಿ ಚೆನ್ನಾಗಿ ದಾಟಿಸುತ್ತದೆ, ನಿಜ. ಆದರೆ ಬಾಯ್ಲರಿನಲ್ಲಿ ಶಾಖಕ್ಕೆ ಅಡ್ಡಿ ಲೋಹದ ತಗಡಲ್ಲ. ಬಿಸಿ ಹೊಗೆಯಿಂದ ತಗಡಿಗೆ ಶಾಖ ದಾಟುವುದೇ ನಿಧಾನ. ಅದರ ಮೇಲೆ ಒಳಗೆ ಮಸಿ, ಹೊರಗೆ ಸುಣ್ಣದ ಪದರ. ನಮ್ಮ ಬೋರ್‌ವೆಲ್ ನೀರಿನ ಗಡಸುತನ ಗೊತ್ತಲ್ಲ, ಗೀಸರ್ ಕಾಯಿಲ್ ಬಿಚ್ಚಿ ನೋಡಿದವರನ್ನು ಕೇಳಿ. ಮಸಿ ಕಟ್ಟಿದ ತಾಮ್ರಕ್ಕಿಂತ ಉಜ್ಜಿ ಇಟ್ಟ ಸ್ಟೀಲೇ ಮೇಲು. ತಾಮ್ರ ತಗೊಳ್ಳುವುದಾದರೆ ಬಾಳಿಕೆಗೆ, ಮುಂದೆ ಮಾರಿದರೂ ಬೆಲೆ ಬರುತ್ತದೆ ಅನ್ನುವುದಕ್ಕೆ ತಗೊಳ್ಳಿ. ಬೇಗ ಕಾಯುತ್ತದೆ ಅಂತ ಬೇಡ.

ನೋಡಬೇಕಾದ್ದು ಬೇರೆ. ಬೂದಿ ಬಾಗಿಲು ಪೂರ್ತಿ ಮುಚ್ಚುತ್ತದಾ? ಅಂಗಡಿಯಲ್ಲೇ ಮುಚ್ಚಿ, ಒಳಗೆ ಮೊಬೈಲ್ ಟಾರ್ಚ್ ಇಟ್ಟು ಸುತ್ತ ಬೆಳಕು ಕಾಣುತ್ತದಾ ನೋಡಿ. ಸುತ್ತಲೂ ಬೆಳಕು ಕಂಡರೆ ಆ ಬಾಗಿಲು ಹೆಸರಿಗೆ ಮಾತ್ರ. ಕಟ್ಟಿಗೆ ಹಾಕುವ ಬಾಯಿ ಮತ್ತು ಬೂದಿ ಬಾಗಿಲು ಬೇರೆ ಬೇರೆ ಇವೆಯಾ? ಎರಡೂ ಒಂದೇ ಆದರೆ ಗಾಳಿಯನ್ನು ಹಿಡಿಯಲು ಆಗುವುದಿಲ್ಲ. ಮೇಲಿನ ಬಾಗಿಲಲ್ಲಿ ನಾಲ್ಕೈದು ಸಣ್ಣ ತೂತು ಇವೆಯಾ? ಇಲ್ಲದಿದ್ದರೆ ಕೊರೆಸಿಕೊಳ್ಳಿ. ಜ್ವಾಲೆಗೆ ಮೇಲಿನ ಗಾಳಿ ಸಿಗುವುದು ಅಲ್ಲಿಂದ. ನಾನು ಕೊರೆಸಿದ್ದು ಪೆನ್ಸಿಲ್ ದಪ್ಪದ ಆರು ತೂತು. ಕಟ್ಟಿಗೆ ಹಾಕಿದ ಮೇಲೆ ಏಳುತ್ತಿದ್ದ ಬಿಳಿ ಹೊಗೆ ಅರ್ಧಕ್ಕೆ ಇಳಿಯಿತು.

ನಡುಕೊಳವೆಯ ಬಾಯ್ಲರಿಗೆ ಇನ್ನೊಂದು ದೋಷ ಹುಟ್ಟಿನಿಂದಲೇ ಇದೆ. ಕೊಳವೆ ನೇರ, ಬಿಸಿ ಹೊಗೆ ನಿಲ್ಲದೆ ಮೇಲೆ ಓಡುತ್ತದೆ. ವೆಲ್ಡಿಂಗ್ ಅಂಗಡಿಯಲ್ಲಿ ಎರಡು ಬೆರಳಗಲದ ಕಬ್ಬಿಣದ ಪಟ್ಟಿಯನ್ನು ಜಿಲೇಬಿ ತಿರುಚಿದಂತೆ ತಿರುಚಿಸಿ ಕೊಳವೆಯಲ್ಲಿ ಮೇಲಿನಿಂದ ಇಳಿಬಿಡಿ. ಹೊಗೆ ಸುತ್ತುತ್ತಾ, ಗೋಡೆಗೆ ತಾಗುತ್ತಾ ಹೋಗುತ್ತದೆ. ಶಾಖ ನೀರಿಗೆ ಇಳಿಯುತ್ತದೆ. ಬೆಂಕಿ ಹಚ್ಚುವಾಗ ಮೇಲೆತ್ತಿ, ಉರಿ ಹಿಡಿದ ಮೇಲೆ ಇಳಿಬಿಡುವಂತೆ ಕೊಕ್ಕೆ ಇರಲಿ. ಇಷ್ಟು ಕಡಿಮೆ ಖರ್ಚಿಗೆ ಇಷ್ಟು ಲಾಭ ಕೊಡುವ ಇನ್ನೊಂದು ಕೆಲಸ ನನಗೆ ಗೊತ್ತಿಲ್ಲ.

ಮೂರನೆಯದು ಬ್ಲೋವರ್ ಇರುವ ಬಾಯ್ಲರ್. ಬೂದಿ ಗೂಡಿಗೆ ಸಣ್ಣ ಫ್ಯಾನು ಗಾಳಿ ಊದುತ್ತದೆ, ರೆಗ್ಯುಲೇಟರ್ ತಿರುಗಿಸಿ ಉರಿ ಏರಿಸಬಹುದು, ಇಳಿಸಬಹುದು. ಗಾಳಿ ರಭಸದಿಂದ ಬಂದು ಅನಿಲದ ಜೊತೆ ಚೆನ್ನಾಗಿ ಬೆರೆಯುವುದರಿಂದ ಹೊಗೆ ಕಡಿಮೆ. ಅಡುಗೆಯ ಸೌದೆ ಒಲೆಗಳಿಗೆ ಇರುವ ಐಎಸ್ 13152 ಅನ್ನುವ ಭಾರತೀಯ ಮಾನದಂಡವೂ ಇದನ್ನೇ ಹೇಳುತ್ತದೆ. ತಾನಾಗಿ ಗಾಳಿ ಎಳೆಯುವ ಒಲೆಗೆ ಕನಿಷ್ಠ ಶೇ. 25 ದಕ್ಷತೆ ಇದ್ದರೆ ಸಾಕು, ಫ್ಯಾನ್ ಇರುವ ಒಲೆಗೆ ಕನಿಷ್ಠ ಶೇ. 35 ಇರಬೇಕು. ಅದು ಬಾಯ್ಲರಿಗೆ ಬರೆದದ್ದಲ್ಲ. ಫ್ಯಾನಿನಿಂದ ಏನನ್ನು ನಿರೀಕ್ಷಿಸಬಹುದು ಅನ್ನುವ ಅಂದಾಜಿಗೆ ಹೇಳಿದೆ.

ನನಗೆ ಬ್ಲೋವರ್ ಮೇಲೆ ಅಷ್ಟು ಪ್ರೀತಿ ಇಲ್ಲ, ಮನೆ ಮಟ್ಟಿಗೆ. ಬೆಳಿಗ್ಗೆ ಆರಕ್ಕೆ ಬೆಸ್ಕಾಂ ಕರೆಂಟು ಹೋಯಿತು ಅನ್ನಿ. ಫ್ಯಾನು ನಿಂತಿತು, ಉರಿ ಕುಸಿಯಿತು, ಹೊಗೆ ಫ್ಯಾನಿನ ಬಾಯಿಂದಲೇ ಒಳಗೆ ಬಂತು. ಇದನ್ನು ತಡೆಯಲು ಫ್ಯಾನಿನ ಮುಂದೆ ತಾನಾಗಿ ಬೀಳುವ ತಗಡಿನ ಮುಚ್ಚಳ ಇರಬೇಕು. ಬಹಳ ಕಡೆ ಇರುವುದಿಲ್ಲ. ಕರೆಂಟಿಲ್ಲದೆಯೂ ಉರಿಯುವಂತೆ ಪಕ್ಕದಲ್ಲಿ ಸಾದಾ ಬೂದಿ ಬಾಗಿಲೂ ಇರಬೇಕು. ಎರಡನೇ ತೊಂದರೆ ನಮ್ಮ ಕೈಚಳಕದ್ದು. ರೆಗ್ಯುಲೇಟರ್ ಇದ್ದರೆ ನಾವು ಐದಕ್ಕೇ ಇಡುತ್ತೇವೆ, ಅಲ್ವಾ? ಉರಿ ಗರ್ಜಿಸುತ್ತದೆ, ಬೂದಿ ಹಾರಿ ಕೊಳವೆಗೆ ಮೆತ್ತುತ್ತದೆ, ಜಾಲರಿ ಕೆಂಪಾಗಿ ಬಾಗುತ್ತದೆ. ಕಟ್ಟಿಗೆ ಹತ್ತುವವರೆಗೆ ಜೋರು, ಆಮೇಲೆ ಒಂದಕ್ಕೋ ಎರಡಕ್ಕೋ ಇಳಿಸುವ ತಾಳ್ಮೆ ಇರುವವರಿಗೆ ಮಾತ್ರ ಇದು ಲಾಭ.

ನಾಲ್ಕನೆಯದನ್ನು ಇಲ್ಲಿ ಕಡಿಮೆ ಜನ ನೋಡಿರುತ್ತಾರೆ. ಯೂರೋಪಿನ ಚಳಿ ದೇಶಗಳಲ್ಲಿ ಕಟ್ಟಿಗೆ ಬಾಯ್ಲರಿನಿಂದ ಇಡೀ ಮನೆಯನ್ನೇ ಬೆಚ್ಚಗಿಡುತ್ತಾರೆ. ಅಲ್ಲಿ ನೀರಿನ ಬಿಸಿ ನೋಡಿ ಬೂದಿ ಬಾಗಿಲನ್ನು ಎತ್ತುವ, ಇಳಿಸುವ ಸರಪಳಿಯ ಸಾಧನ ಇರುತ್ತದೆ. ನೀರು ಕಾದಂತೆ ಅದರೊಳಗಿನ ಭಾಗ ಹಿಗ್ಗಿ ಸರಪಳಿ ಸಡಿಲವಾಗುತ್ತದೆ, ಬಾಗಿಲು ಇಳಿಯುತ್ತದೆ, ಗಾಳಿ ಕಡಿಮೆಯಾಗುತ್ತದೆ. ಕರೆಂಟೇ ಬೇಡ. ಕೇಳಲು ಬಹಳ ಚೆಂದ.

ಅದರ ಒಂದು ಪಾಠವನ್ನೂ ಅವರಿಂದಲೇ ಕಲಿಯಬೇಕು. ನೀರು ಕಾದ ಮೇಲೆ ಒಳಗೆ ತುಂಬಿದ ಕಟ್ಟಿಗೆಗೆ ಗಾಳಿ ನಿಲ್ಲಿಸಿದರೆ ಅದು ಆರುವುದಿಲ್ಲ, ಗಂಟೆಗಟ್ಟಲೆ ಹೊಗೆಯಾಡುತ್ತಾ ಕೂರುತ್ತದೆ. ಟಾರು ಕಟ್ಟುತ್ತದೆ. ಅದಕ್ಕೆ ಅಲ್ಲಿನ ಜಾಣರು ಬೆಂಕಿಯನ್ನು ತಡೆಹಿಡಿಯದೆ ಪೂರ್ತಿ ಉರಿಸಿ, ಶಾಖವನ್ನು ದೊಡ್ಡ ನೀರಿನ ಟ್ಯಾಂಕಿನಲ್ಲಿ ಕೂಡಿಡುತ್ತಾರೆ. ನಮಗೂ ಅದೇ ಸರಿ. ಸ್ನಾನಕ್ಕೆ ಬೇಕಾದಷ್ಟೇ ಕಟ್ಟಿಗೆಯನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ ಚುರುಕಾಗಿ ಉರಿಸಿ. ಬಾಯ್ಲರ್ ತುಂಬಾ ಕಟ್ಟಿಗೆ ತುರುಕಿ ಬಾಗಿಲು ಹಾಕಿ "ನಿಧಾನ ಉರಿಯಲಿ" ಅನ್ನುವುದು ಉಳಿತಾಯವೇ ಅಲ್ಲ.

ಗಾಳಿಯನ್ನು ಹಿಡಿಯುವುದು ಎಲ್ಲಿ, ಕೆಳಗಾ ಮೇಲಾ?

ಇದರಲ್ಲಿ ನನ್ನ ಅಭಿಪ್ರಾಯ ಗಟ್ಟಿ. ಕೆಳಗೆ, ಬೂದಿ ಬಾಗಿಲಲ್ಲಿ.

ಚಿಮಣಿಯೊಳಗೆ ತಿರುಗುವ ತಟ್ಟೆ, ಅಂದರೆ ಡ್ಯಾಂಪರ್, ಹಾಕಿಸಿದರೆ ಎಳೆತ ಹಿಡಿತಕ್ಕೆ ಬರುತ್ತದೆ ನಿಜ. ಚಿಮಣಿ ಬಹಳ ಎತ್ತರ ಇದ್ದರೆ ಬೇಕೂ ಆಗಬಹುದು. ಆದರೆ ಕೆಂಡ ಇರುವಾಗ ಅದನ್ನು ಪೂರ್ತಿ ಮುಚ್ಚಿದರೆ ಏನಾಗುತ್ತದೆ? ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಹೊಗೆಯಾದರೆ ಕೆಮ್ಮು ಬಂದು ಎಚ್ಚರಿಸುತ್ತದೆ, ಇದು ಎಚ್ಚರಿಸುವುದಿಲ್ಲ. ಮೇಲಿನ ದಾರಿ ಮುಚ್ಚಿದ್ದರೆ ಅದು ಬಚ್ಚಲಿಗೇ ಬರುತ್ತದೆ. ಬಾಗಿಲು ಹಾಕಿಕೊಂಡು ಸ್ನಾನ ಮಾಡುತ್ತಿರುವವರಿಗೆ ತಲೆ ಸುತ್ತಿದ ಮೇಲೆ ಚಿಲಕ ತೆಗೆಯಲೂ ಶಕ್ತಿ ಇರುವುದಿಲ್ಲ. ಡ್ಯಾಂಪರ್ ಬೇಕೇ ಬೇಕು ಅಂದರೆ ತಟ್ಟೆಯ ಕಾಲು ಭಾಗ ಕತ್ತರಿಸಿಬಿಡಿ. ಮುಚ್ಚಿದರೂ ಪೂರ್ತಿ ಮುಚ್ಚಬಾರದು.

ಬೂದಿ ಬಾಗಿಲು ಮುಚ್ಚಿದರೆ ಈ ಅಪಾಯ ಕಡಿಮೆ. ಒಳಗೆ ಗಾಳಿ ಕಡಿಮೆಯಾದರೂ ಮೇಲಿನ ದಾರಿ ತೆರೆದೇ ಇರುತ್ತದೆ. ಆದರೂ ಚಿಮಣಿ ಕಟ್ಟಿಕೊಂಡಿದ್ದರೆ ಯಾವ ಬಾಗಿಲೂ ಕಾಪಾಡದು, ಮಸಿ ತೆಗೆಸುವುದನ್ನು ಮರೆಯಬೇಡಿ. ಬೂದಿ ಬಾಗಿಲಿಗೆ ಒಂದು ಉದ್ದ ಬೋಲ್ಟ್ ಹಾಕಿಸಿದರೆ ಸಾಕು, ತಿರುಗಿಸಿದಷ್ಟು ಸಂದಿ. ಉರಿ ಹಿಡಿಯುವಾಗ ಮೂರು ಬೆರಳು, ಹಿಡಿದ ಮೇಲೆ ಒಂದು, ಬರೀ ಕೆಂಡವಾದಾಗ ಒಂದು ನೂಲು. ಅಳತೆ ನಿಮ್ಮ ಬಾಯ್ಲರಿಗೆ ಬೇರೆ ಇರಬಹುದು, ವಾರದಲ್ಲಿ ಗೊತ್ತಾಗುತ್ತದೆ. ಹೊರಗೆ ಬಂದು ಚಿಮಣಿ ನೋಡಿ. ಕಪ್ಪು ಹೊಗೆ ಬಂದರೆ ಗಾಳಿ ಸಾಲದು. ದಟ್ಟ ಬಿಳಿ ಹೊಗೆ ಬಂದರೆ ಕಟ್ಟಿಗೆ ಹಸಿ, ಇಲ್ಲವೇ ಬೆಂಕಿ ಇನ್ನೂ ತಣ್ಣಗಿದೆ. ಏನೂ ಕಾಣದೆ ಬರೀ ಬಿಸಿಲಿಗೆ ನಡುಗುವಂತೆ ಗಾಳಿ ನಡುಗಿದರೆ ನೀವು ಗೆದ್ದಿರಿ.

ದಾವಣಗೆರೆ ಗಾಳಿ, ಚಿತ್ರದುರ್ಗದ ಗಾಳಿ

1997ರವರೆಗೆ ಎರಡೂ ಒಂದೇ ಜಿಲ್ಲೆ. ಗಾಳಿ ಮಾತ್ರ ಯಾವತ್ತೂ ಒಂದೇ ಆಗಿರಲಿಲ್ಲ. ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲು ಸಾಲು ಗಾಳಿಯಂತ್ರ ಸುಮ್ನೆ ನಿಲ್ಲಿಸಿದ್ದಾರಾ? ನಮ್ಮ ಅಕ್ಕನ ಮನೆ ಅಲ್ಲೇ, ಗುಡ್ಡದ ಬದಿ. ನಮ್ಮ ಮನೆಯ ಬಾಯ್ಲರ್ ನೋಡಿ ಭಾವ ಅಂಥದ್ದೇ ತಗೊಂಡರು. ಬೇಸಿಗೆಯಲ್ಲಿ ಏನೂ ತೊಂದರೆ ಆಗಲಿಲ್ಲ. ಆಷಾಢ ಬಂತು ನೋಡಿ, ಫೋನು.

"ಏನಪ್ಪಾ, ನಿನ್ನ ಬಾಯ್ಲರ್ ಹೊಗೆ ಉಗುಳ್ತದಲ್ಲೋ!"

"ಭಾವ, ಚಿಮಣಿ ಎಷ್ಟು ಎತ್ತರ ಇದೆ?"

"ಸಜ್ಜಾಕ್ಕಿಂತ ಒಂದಡಿ ಮೇಲೆ. ಸಾಲದಾ?"

ಸಾಲದು. ಗಾಳಿ ಗುಡ್ಡ ಇಳಿದು ಬಂದು, ಮಾಳಿಗೆಯ ಗೋಡೆಗೆ ಬಡಿದು, ಸುಳಿಯಾಗಿ ಕೆಳಗೆ ತಿರುಗುತ್ತದೆ. ಚಿಮಣಿಯ ಬಾಯಿ ಆ ಸುಳಿಯೊಳಗೆ ಇದ್ದರೆ ಹೊಗೆ ವಾಪಸು. ಪೈಪನ್ನು ಮಾಳಿಗೆಯ ಅತಿ ಎತ್ತರದ ಗೋಡೆಗಿಂತ ಎರಡು ಮೂರು ಅಡಿ ಮೇಲೆ ಒಯ್ದು, ತುದಿಗೆ ಟೋಪಿ ಹಾಕಿಸಿದರು. ಟೋಪಿ ಮತ್ತು ಪೈಪಿನ ನಡುವೆ ಪೈಪಿನ ಅಗಲದಷ್ಟಾದರೂ ಜಾಗ ಬಿಡಬೇಕು, ಇಲ್ಲಾ ಅದೇ ಬಿರಡೆ ಆಗುತ್ತದೆ. ವಾಪಸು ಬರುವುದು ನಿಂತಿತು. ಆದರೆ ಹೊಸ ತೊಂದರೆ ಶುರುವಾಯಿತು. ಗಾಳಿ ಜೋರಾದ ದಿನ ಎಳೆತ ಅತಿಯಾಗಿ ಕಟ್ಟಿಗೆ ಕರ್ಪೂರದ ಹಾಗೆ ಹೋಗತೊಡಗಿತು. ಕಾಲು ಭಾಗ ಕತ್ತರಿಸಿದ ಡ್ಯಾಂಪರ್ ನಾನು ಒಪ್ಪಿ ಹಾಕಿಸಿದ್ದು ಅಲ್ಲಿ ಮಾತ್ರ.

ದಾವಣಗೆರೆ ಬಯಲು. ನಮ್ಮ ತೊಂದರೆ ಉಲ್ಟಾ. ಒತ್ತೊತ್ತಿಗೆ ಮನೆ, ಪಕ್ಕದವರದ್ದು ಮೂರು ಮಹಡಿ. ನಮ್ಮ ಚಿಮಣಿ ಅವರ ಕಿಟಕಿಯ ಮಟ್ಟಕ್ಕೆ. ಇಲ್ಲಿ ಡ್ಯಾಂಪರಿಗಿಂತ ಹೊಗೆಯೇ ಬರದಂತೆ ಉರಿಸುವುದು ಮುಖ್ಯ, ಇಲ್ಲದಿದ್ದರೆ ಅವರ ಒಣ ಹಾಕಿದ ಬಟ್ಟೆ ಜಗಳಕ್ಕೆ ಬರುತ್ತದೆ. ಪೈಪಿನಲ್ಲಿ ತಿರುವು ಕಡಿಮೆ ಇರಲಿ. ಎರಡಕ್ಕಿಂತ ಜಾಸ್ತಿ ಮೊಣಕೈ ಬೇಡ.

ಏನು ಸುಡುತ್ತೀರಿ ಅನ್ನುವುದೂ ಆಯ್ಕೆಯ ಭಾಗ

ಜಾಲಿ ಸಿಗುವವರು ಪುಣ್ಯವಂತರು. ಗಟ್ಟಿ ಕಟ್ಟಿಗೆ, ಕೆಂಡ ಬಹಳ ಹೊತ್ತು ನಿಲ್ಲುತ್ತದೆ, ಗಾಳಿ ಸ್ವಲ್ಪ ಹೆಚ್ಚುಕಮ್ಮಿ ಆದರೂ ಸಹಿಸಿಕೊಳ್ಳುತ್ತದೆ. ಸಾದಾ ನಿಂತ ಬಾಯ್ಲರ್ ಸಾಕು. ಹೊಸದುರ್ಗ, ಹಿರಿಯೂರಿನ ತೋಟದವರ ಹತ್ತಿರ ತೆಂಗಿನ ಮಟ್ಟೆ, ಕರಟ ಬೇಕಾದಷ್ಟು. ಕರಟ ಬಹಳ ಜೋರಾಗಿ ಉರಿಯುತ್ತದೆ. ಒಮ್ಮೆಗೆ ನಾಲ್ಕೈದಕ್ಕಿಂತ ಜಾಸ್ತಿ ಹಾಕಬೇಡಿ, ಬೂದಿ ಬಾಗಿಲು ಸಣ್ಣದಾಗಿರಲಿ. ಮೆಕ್ಕೆಜೋಳದ ದಿಂಡು ದಾವಣಗೆರೆ, ಜಗಳೂರು ಕಡೆ ಸುಗ್ಗಿಯಲ್ಲಿ ರಾಶಿ ರಾಶಿ. ಹಗುರ, ಹುಸ್ ಅಂತ ಉರಿದು ಹೋಗುತ್ತದೆ, ಪದೇ ಪದೇ ಹಾಕಬೇಕು. ಇದಕ್ಕೆ ಬ್ಲೋವರ್ ದಂಡ. ಚನ್ನಗಿರಿ, ಹೊಳಲ್ಕೆರೆಯ ಅಡಿಕೆ ಸಿಪ್ಪೆ ಪೂರ್ತಿ ಒಣಗದಿದ್ದರೆ ಬರೀ ಹೊಗೆ, ಇದಕ್ಕೆ ಬ್ಲೋವರ್ ನಿಜವಾಗಿ ಉಪಯೋಗ. ಭತ್ತದ ಹೊಟ್ಟು, ಶೇಂಗಾ ಹೊಟ್ಟು ಮನೆ ಬಾಯ್ಲರಿಗೆ ಬೇಡವೇ ಬೇಡ. ಜಾಲರಿ ಮುಚ್ಚಿ ಗಾಳಿಯೇ ನಿಲ್ಲುತ್ತದೆ. ನಮ್ಮೂರಿನ ಮಂಡಕ್ಕಿ ಭಟ್ಟಿಯಂಥ ದೊಡ್ಡ ಬೆಂಕಿಯ ಲೆಕ್ಕ ಬೇರೆ. ಪ್ಲಾಸ್ಟಿಕ್, ರಬ್ಬರ್ ಹಾಕುವವರಿಗೆ ಹೇಳಲು ನನ್ನ ಬಳಿ ಏನೂ ಇಲ್ಲ.

ಯಾವ ಬಾಯ್ಲರ್ ಆದರೂ ಹಸಿ ಕಟ್ಟಿಗೆಯ ಮುಂದೆ ಸೋಲುತ್ತದೆ. ಆಗತಾನೇ ಕಡಿದ ಕಟ್ಟಿಗೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಬೆಂಕಿ ಮೊದಲು ಆ ನೀರನ್ನು ಆವಿ ಮಾಡಬೇಕು, ಆಮೇಲೆ ನಿಮ್ಮ ನೀರು. ಗಾಳಿ ಎಷ್ಟು ಕೊಟ್ಟರೂ ಬೆಂಕಿ ತಣ್ಣಗೇ ಇರುತ್ತದೆ, ಅನಿಲ ಉರಿಯದೆ ಹೊಗೆಯಾಗುತ್ತದೆ. ನಮ್ಮ ಮಾರ್ಚ್, ಏಪ್ರಿಲ್ ಬಿಸಿಲು ಇರುವುದು ಯಾತಕ್ಕೆ? ಮಣಿಕಟ್ಟಿನ ದಪ್ಪಕ್ಕೆ ಸೀಳಿ, ನೆಲದಿಂದ ಮೇಲೆ ಕಲ್ಲಿನ ಮೇಲೆ ಒಟ್ಟಿ, ಮಳೆಗಾಲಕ್ಕೆ ಮುಂಚೆ ಒಳಗೆ ಸೇರಿಸಿ. ಒಂದು ತುಂಡಿಗೆ ದಾರ ಕಟ್ಟಿ ವಾರಕ್ಕೊಮ್ಮೆ ತೂಗಿ. ತೂಕ ಇಳಿಯುವುದು ನಿಂತರೆ ಒಣಗಿತು ಅಂತ.

ಯಾರಿಗೆ ಯಾವುದು

ಇಬ್ಬರೇ ಇರುವ ಮನೆ, ಕಟ್ಟಿಗೆ ದುಡ್ಡು ಕೊಟ್ಟು ತರಬೇಕು, ಮಾಳಿಗೆ ಮೇಲೆ ಬಿಸಿಲು ಬೀಳುತ್ತದೆ ಅನ್ನುವವರು ಬಾಯ್ಲರ್ ಮರೆತು ಸೋಲಾರ್ ಹಾಕಿಸಿ. ಇದನ್ನು ಬಾಯ್ಲರ್ ಪ್ರೇಮಿಯಾದ ನಾನೇ ಹೇಳುತ್ತಿದ್ದೇನೆ. ಮೋಡದ ದಿನಕ್ಕೆ ಮಾತ್ರ ಬೇಕಾದರೆ ಚಿಕ್ಕ ಬಾಯ್ಲರ್ ಪಕ್ಕಕ್ಕಿರಲಿ.

ಹಿತ್ತಿಲು, ಹಂಡೆ ಎರಡೂ ಇರುವ ಹಳ್ಳಿ ಮನೆಗೆ ತಿದ್ದಿದ ಹಂಡೆ ಒಲೆ. ಪೇಟೆಯ ಐದಾರು ಜನರ ಮನೆಗೆ ಎರಡು ಬಾಗಿಲಿನ ನಿಂತ ಬಾಯ್ಲರ್, ತಿರುಚಿದ ಪಟ್ಟಿ, ಬೋಲ್ಟ್ ಹಾಕಿದ ಬೂದಿ ಬಾಗಿಲು. ಸಾಧ್ಯವಾದರೆ ಬಾಯ್ಲರನ್ನು ಬಚ್ಚಲ ಹೊರಗೆ, ಗೋಡೆಯ ಆಚೆ ನಿಲ್ಲಿಸಿ, ನಲ್ಲಿ ಮಾತ್ರ ಒಳಗೆ ಬರಲಿ. ಆಗ ಗಾಳಿಯ ಅರ್ಧ ಚಿಂತೆ ಹೋಗುತ್ತದೆ.

ಹಾಸ್ಟೆಲ್, ಪೀಜಿ ನಡೆಸುವವರ ಲೆಕ್ಕವೇ ಬೇರೆ. ನಲವತ್ತು ಹುಡುಗರು, ತಲಾ 15 ಲೀಟರ್ ಬಿಸಿನೀರು ಅಂದರೆ 600 ಲೀಟರ್. ಶೇ. 25ರ ಬಾಯ್ಲರಿಗೆ ದಿನಕ್ಕೆ 24 ಕೆಜಿ ಕಟ್ಟಿಗೆ, ಶೇ. 40ರದ್ದಕ್ಕೆ 15. ತಿಂಗಳಿಗೆ 270 ಕೆಜಿ ವ್ಯತ್ಯಾಸ. ಇಲ್ಲಿ ಬ್ಲೋವರ್ ಖಂಡಿತ ಸರಿ. ಅದಕ್ಕೇ ಅಂತ ಒಬ್ಬರು ನೋಡಿಕೊಳ್ಳುವವರೂ ಇರುತ್ತಾರೆ. ಬೆಳಗಿನ ಜಾವ ಒಂದೇ ಸಲ ಜೋರಾಗಿ ಉರಿಸಿ, ದಪ್ಪ ಹೊದಿಕೆ ಇರುವ ಟ್ಯಾಂಕಿಗೆ ತುಂಬಿಸಿ, ಬೆಂಕಿ ಆರಲು ಬಿಡಿ. ದಿನವಿಡೀ ಕೆಂಡ ಕಾಯುತ್ತಾ ಕೂರುವ ಬಾಯ್ಲರ್ ಕಟ್ಟಿಗೆ ತಿನ್ನುವ ಆನೆ.

ಒಂದು ವಿಷಯದಲ್ಲಿ ಮಾತ್ರ ಆಯ್ಕೆಯೇ ಇಲ್ಲ. ಬಾಯ್ಲರಿನ ಮೇಲಿನ ಆವಿ ಪೈಪು ಸದಾ ತೆರೆದಿರಬೇಕು. ಒಂದು ಲೀಟರ್ ನೀರು ಆವಿಯಾದರೆ ಸುಮಾರು 1700 ಲೀಟರ್ ಜಾಗ ಕೇಳುತ್ತದೆ. ಆ ಪೈಪಿಗೆ ಬೂಚು, ನಲ್ಲಿ, ಬಟ್ಟೆಯ ಉಂಡೆ, ಏನೂ ಬೇಡ. ನೀರು ತುಂಬಿದೆ ಅಂತ ನಲ್ಲಿ ತಿರುಗಿಸಿ ನೋಡಿದ ಮೇಲೆಯೇ ಕಡ್ಡಿ ಗೀರಿ.

ಕಡ್ಡಿ ಗೀರುವ ಮೊದಲು ಇನ್ನೊಂದು ಅಭ್ಯಾಸ. ದೇವರ ಮನೆಯಿಂದ ಒಂದು ಊದುಬತ್ತಿ ತಂದು ಹಚ್ಚಿ ಬೂದಿ ಬಾಗಿಲ ಹತ್ತಿರ ಹಿಡಿಯಿರಿ. ಹೊಗೆಯ ಎಳೆ ಒಳಗೆ ಹೋಯಿತಾ, ಬೆಂಕಿ ಹಾಕಿ. ಮುಖದ ಕಡೆಗೇ ಬಂತಾ, ಚಿಮಣಿಯಲ್ಲಿ ತಣ್ಣನೆ ಗಾಳಿ ಕೂತಿದೆ. ಒಂದು ಹಳೇ ಪೇಪರ್ ಉಂಡೆ ಮಾಡಿ ಕೊಳವೆಯ ಬುಡದಲ್ಲಿ ಸುಟ್ಟು ಅದನ್ನು ಮೇಲಕ್ಕೆ ಅಟ್ಟಿ, ಮತ್ತೆ ಹಿಡಿದು ನೋಡಿ. ಆಗಲೂ ಮುಖಕ್ಕೇ ಬಂದರೆ ಎಗ್ಸಾಸ್ಟ್ ಫ್ಯಾನ್ ಹಾಕಿದ್ದೀರಾ ಅಂತ ಮೇಲೆ ನೋಡಿ. ನಾನು ಈಗಲೂ ನೋಡುತ್ತೇನೆ.